ತುಮಕೂರಿನ ಬಯಲಲ್ಲಿ ನರಿ, ತೋಳದ ಕೂಗು ಕೇಳುವುದು ಹೇಗೆ, ರೆಕಾರ್ಡ್ ಮಾಡುವುದು ಹೇಗೆ

ಅಮೆರಿಕದ ಕಯೋಟಿ (ನಮ್ಮ ನರಿ, ತೋಳಗಳ ಹತ್ತಿರದ ಸಂಬಂಧಿ) ಬೇಟೆಯ ವಿಡಿಯೋ ನೋಡುವವರು ಈಗ ನಮ್ಮ ಕಡೆಯೂ ಜಾಸ್ತಿಯಾಗಿದ್ದಾರೆ. ಪೊದೆಗೆ ಒರಗಿಕೊಂಡು ಒಬ್ಬ ಕೂತಿರುತ್ತಾನೆ, ಸ್ವಲ್ಪ ದೂರದಲ್ಲಿ ರಿಮೋಟ್ ಸ್ಪೀಕರ್ ಇರುತ್ತದೆ, ಅದರಿಂದ ಊಳಿಡುವ ಸದ್ದೋ ಗಾಯಗೊಂಡ ಮೊಲದ ಚೀರಾಟವೋ ಬರುತ್ತದೆ, ಒಂದಷ್ಟು ಹೊತ್ತಿಗೆ ಕಯೋಟಿ ಓಡಿ ಬರುತ್ತದೆ. ಇದನ್ನು ನೋಡಿದ ಶಿರಾ, ಮಧುಗಿರಿ ಕಡೆಯ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: ನಮ್ಮೂರ ನರಿಗೂ ಇದು ನಡೆಯುತ್ತಾ?

ನಡೆಯುತ್ತದೆ. ಆದರೆ ಮಾಡಬಾರದು. ಮಾಡುವ ಅಗತ್ಯವೂ ಇಲ್ಲ. ನಮ್ಮ ಬಯಲಲ್ಲಿ ನರಿಗಳು ಯಾರೂ ಕರೆಯದೆಯೇ ಕೂಗುತ್ತವೆ. ಎಲ್ಲಿ, ಯಾವಾಗ, ಹೇಗೆ ಕೂರಬೇಕು ಅಂತ ಗೊತ್ತಿದ್ದರೆ ಸಾಕು, ಜೇಬಲ್ಲಿರುವ ಫೋನಲ್ಲೇ ಒಳ್ಳೆ ರೆಕಾರ್ಡಿಂಗ್ ಸಿಗುತ್ತದೆ.

ಮೊದಲು ಕಾನೂನಿನ ಮಾತು ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು, ಇದಕ್ಕೆಲ್ಲ ಪ್ರಯತ್ನಿಸುವುದು ಕೂಡ ಆ ಕಾಯ್ದೆಯಲ್ಲಿ ಬೇಟೆಯೇ. ತೋಳ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ, ನರಿಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಕಯೋಟಿಯನ್ನು ವರ್ಷವಿಡೀ ಬೇಟೆಯಾಡಬಹುದು, ಅಲ್ಲಿನ ಲೆಕ್ಕ ಬೇರೆ. "ಸುಮ್ನೆ ಸ್ಪೀಕರ್ ಹಾಕಿ ನೋಡಿದೆ ಸಾರ್, ಏನೂ ಮಾಡಲಿಲ್ಲ" ಅನ್ನುವ ಮಾತು ಇಲ್ಲಿ ಸಲೀಸಾಗಿ ನಡೆಯುವುದಿಲ್ಲ.

ಕಾನೂನು ಬಿಡಿ, ಪ್ರಾಣಿಯ ಕಡೆಯಿಂದ ನೋಡಿ. ಊಳಿಡುವುದು ಅಂದರೆ "ಈ ಜಾಗ ನಮ್ಮದು, ನಾವು ಇಲ್ಲಿದ್ದೇವೆ" ಅಂತ ಹೇಳುವುದು. ನೀವು ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಕೂಗನ್ನು ಹಾಕಿದರೆ ಅಲ್ಲಿರುವ ಜೋಡಿಗೆ ಹೊಸಬರು ನುಗ್ಗಿದ ಹಾಗೆ ಕೇಳಿಸುತ್ತದೆ. ಮರಿ ಬಿಟ್ಟು ಓಡಿ ಬರಬಹುದು, ಇಲ್ಲವೇ ಹೆದರಿ ಬಿಲವನ್ನೇ ಬದಲಾಯಿಸಬಹುದು. ನಮ್ಮ ತೋಳಗಳು ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ, ಕೂಗು ಚೆನ್ನಾಗಿ ಕೇಳಿಸುವುದೂ ಅದೇ ಕಾಲದಲ್ಲಿ. ಇನ್ನೊಂದು ತೊಂದರೆ ಕುರಿದೊಡ್ಡಿಗಳದ್ದು. ರಾತ್ರಿ ಹೊತ್ತು ದೊಡ್ಡಿ ಪಕ್ಕ ತೋಳದ ಕೂಗು ಕೇಳಿಸಿದರೆ ಕುರಿಗಳು ಒಂದರ ಮೇಲೊಂದು ಬೀಳುತ್ತವೆ, ನಾಯಿಗಳು ಹುಚ್ಚೆದ್ದು ಬೊಗಳುತ್ತವೆ, ಕುರಿ ಕಾಯುವವರ ನಿದ್ದೆ ಹಾಳು. ಬೆಳಗ್ಗೆ ಊರೆಲ್ಲಾ "ತೋಳ ಬಂದಿದೆ" ಅನ್ನುವ ಸುದ್ದಿ ಹಬ್ಬಿದರೆ ಯಾರೋ ಉರುಳು ಹಾಕುತ್ತಾರೆ, ಇನ್ಯಾರೋ ವಿಷ ಇಡುತ್ತಾರೆ. ನಿಮ್ಮ ಒಂದು ರಾತ್ರಿಯ ಖುಷಿಗೆ ಒಂದು ಪ್ರಾಣಿಯ ಜೀವ ಹೋಗುತ್ತದೆ.

ಸಂಶೋಧಕರು ಕೂಗು ಕೇಳಿಸಿ ತೋಳಗಳನ್ನು ಎಣಿಸುವ ಪದ್ಧತಿ ಇರುವುದು ನಿಜ. ಕೆನಡಾದ ಅಲ್ಗಾಂಕ್ವಿನ್ ಉದ್ಯಾನದಲ್ಲಿ 1963ರಿಂದ ಅಲ್ಲಿನ ಸಿಬ್ಬಂದಿ ತಮ್ಮ ಬಾಯಿಂದಲೇ ಊಳಿಟ್ಟು, ತೋಳಗಳು ಕೊಡುವ ಉತ್ತರವನ್ನು ಜನರಿಗೆ ಕೇಳಿಸುತ್ತಾ ಬಂದಿದ್ದಾರೆ. ಅದೂ ಹಿಂದಿನ ರಾತ್ರಿ ತೋಳದ ಗುಂಪು ಎಲ್ಲಿದೆ ಅಂತ ಖಾತ್ರಿಯಾದರೆ ಮಾತ್ರ. ಅದು ತಿಳಿದವರು, ಅನುಮತಿ ಇರುವವರು ಮಾಡುವ ಕೆಲಸ. ನಾವು ಕಿವಿ ಕೊಟ್ಟರೆ ಸಾಕು.

ಹಾಗಂತ ಕಯೋಟಿ ಬೇಟೆಗಾರರಿಂದ ಕಲಿಯುವುದು ಏನೂ ಇಲ್ಲ ಅಂತಲ್ಲ. ಅವರ ಸ್ಪೀಕರು, ಬಂದೂಕು ಎರಡನ್ನೂ ಪಕ್ಕಕ್ಕಿಡಿ, ಉಳಿದ ಕಸುಬೆಲ್ಲ ನಮಗೂ ಬೇಕು. ಅದರಲ್ಲಿ ಮೊದಲನೆಯದು ಗಾಳಿ. ಕಯೋಟಿ ಕರೆ ಬಂದ ಕಡೆ ನೇರವಾಗಿ ಬರುವುದು ಕಡಿಮೆ. ಸುತ್ತು ಹಾಕಿ, ಗಾಳಿ ಹೋಗುವ ದಿಕ್ಕಿಗೆ ಬಂದು, ಮೂಸಿ ನೋಡಿ ಆಮೇಲೆ ತೀರ್ಮಾನ ಮಾಡುತ್ತದೆ. ಅದಕ್ಕೇ ಬೇಟೆಗಾರರು ಸ್ಪೀಕರನ್ನು ತಮ್ಮಿಂದ ದೂರ ಇಟ್ಟು, ಗಾಳಿ ಹೋಗುವ ಕಡೆಯೇ ಕಣ್ಣಿಟ್ಟು ಕೂರುತ್ತಾರೆ. ನರಿ, ತೋಳದ ಮೂಗೂ ಹಾಗೇ. ಪ್ರಾಣಿ ಇರಬಹುದಾದ ಕುರುಚಲು ಕಾಡಿನ ಕಡೆಯಿಂದ ಗಾಳಿ ನಿಮ್ಮ ಮುಖಕ್ಕೆ ಬೀಸಬೇಕು. ಒಂದು ಚಿಟಿಕೆ ವಿಭೂತಿ ಪುಡಿಯನ್ನೋ ನುಣ್ಣನೆ ಮಣ್ಣನ್ನೋ ಬೆರಳಲ್ಲಿ ಉದುರಿಸಿ ನೋಡಿ, ಅದು ಎತ್ತ ಹೋಗುತ್ತದೋ ಅತ್ತ ಬೆನ್ನು ಇರಲಿ. ಹೀಗೆ ಕೂತರೆ ನಿಮ್ಮ ವಾಸನೆ ಹಿಂದಕ್ಕೆ ಹೋಗುತ್ತದೆ, ಅವುಗಳ ಸದ್ದು ಮುಂದಿನಿಂದ ತೇಲಿ ಬರುತ್ತದೆ.

ಎರಡನೆಯದು ಕೂರುವ ರೀತಿ. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಲ್ಲಬೇಡಿ. ಜಾಲಿ ಪೊದೆಗೋ ಹೊಲದ ಬದುವಿಗೋ ಬೆನ್ನು ಕೊಟ್ಟು ಕೂತು, ಕತ್ತಲಾಗುವುದಕ್ಕೆ ಅರ್ಧ ಗಂಟೆ ಮೊದಲೇ ಅಲ್ಲಾಡುವುದನ್ನು ನಿಲ್ಲಿಸಿ. ಟಾರ್ಚ್ ಬೇಡ, ಬೀಡಿ ಸಿಗರೇಟ್ ಬೇಡ, ಕರಕರ ಅನ್ನುವ ಪ್ಲಾಸ್ಟಿಕ್ ಕವರಂತೂ ಬೇಡವೇ ಬೇಡ.

ಜಾಗದ ವಿಷಯ. ತುಮಕೂರು ಜಿಲ್ಲೆಯಲ್ಲಿ ಶಿರಾ, ಪಾವಗಡ, ಮಧುಗಿರಿ ಕಡೆಯ ಒಣ ಬಯಲು, ಕಡ್ಲೆಕಾಯಿ ಹೊಲ, ಹಳೆಯ ಕಾವಲು ಭೂಮಿ, ಜಾಲಿ ಬೆಳೆದ ಕೆರೆ ಅಂಗಳ ಇವೆಲ್ಲ ನರಿಯ ನೆಲೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದ ಹೆಸರು ಎಲ್ಲರಿಗೂ ಗೊತ್ತು, ಇರುವುದು ಬರೀ 798 ಎಕರೆ. ಇಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಕಾಲಿಡಬೇಡಿ. ಒಳಗೆ ಹೋಗುವ ಅಗತ್ಯವೂ ಇಲ್ಲ. ಊರಿನ ಅಂಚು, ನಿಮ್ಮದೇ ಹೊಲ, ಪರಿಚಯದವರ ತೋಟದ ಮನೆಯ ತಾರಸಿ, ಇಷ್ಟು ಸಾಕು. ಬಯಲನ್ನು ಪಾಳು ಭೂಮಿ ಅನ್ನುವ ಮಾತು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಪಾವಗಡದ ಸೋಲಾರ್ ಪಾರ್ಕ್ ಒಂದೇ ಸುಮಾರು 13,000 ಎಕರೆ ತೆಗೆದುಕೊಂಡಿದೆ. ಉಳಿದಿರುವ ಬಯಲಲ್ಲಿ ಯಾವ ಪ್ರಾಣಿ ಇದೆ ಅಂತ ಬರೆದಿಡುವವರು ಬೇಕೇ ಬೇಕು.

ಎಲ್ಲಿ ಕೂರಬೇಕು ಅಂತ ಮ್ಯಾಪ್ ನೋಡುವ ಮೊದಲು ಕುರಿ ಕಾಯುವವರನ್ನು ಕೇಳಿ. ಗೊಲ್ಲರಹಟ್ಟಿಯ ಹಿರಿಯರಿಗೆ, ಹೊಲದಲ್ಲೇ ಮಂದೆ ಹಾಕುವ ಕುರುಬರಿಗೆ ಗೊತ್ತಿರುವಷ್ಟು ಯಾವ ಆಪ್‌ಗೂ ಗೊತ್ತಿಲ್ಲ. ಯಾವ ಹಳ್ಳದ ಕಡೆಯಿಂದ ಕೂಗು ಬರುತ್ತದೆ, ಯಾವ ಹೊತ್ತಿಗೆ, ಹೋದ ವರ್ಷ ಬರುತ್ತಿದ್ದದ್ದು ಈಗ ನಿಂತಿದೆಯಾ ಅಂತ ವಿಚಾರಿಸಿ. ಅವರ ಮರಿ ಕಳೆದುಹೋದ ಕಥೆಯನ್ನೂ ಕೂತು ಕೇಳಿ. ತೋಳದಿಂದ ನಷ್ಟ ಆಗುವುದು ಅವರಿಗೆ, ನಮಗಲ್ಲ.

ಒಂದು ಎಚ್ಚರಿಕೆ. ತುಮಕೂರಿನ ಬಂಡೆ ಬೆಟ್ಟಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ದೇವರಾಯನದುರ್ಗ, ಸಿದ್ದರಬೆಟ್ಟ, ಮಧುಗಿರಿ ಬೆಟ್ಟದ ಬುಡ ಇಂಥ ಕಡೆ ಮುಸ್ಸಂಜೆ ಮತ್ತು ಬೆಳಗಿನ ಜಾವ ಕರಡಿ ಇಳಿದು ಬರುವ ಹೊತ್ತು. ಎದುರಾದರೆ ನೇರವಾಗಿ ಮೈಮೇಲೆ ಬೀಳುವ ಪ್ರಾಣಿ ಅದು. ಬೆಟ್ಟದ ಬುಡದಿಂದ ದೂರ, ತೆರೆದ ಜಾಗದಲ್ಲಿ ಕೂರಿ. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಹೇಳಿ ಹೋಗಿ. ಗರಗಸದಲ್ಲಿ ಮರ ಕೊಯ್ದ ಹಾಗೆ ತಡೆತಡೆದು ಬರುವ ಒರಟು ಸದ್ದು ಕೇಳಿಸಿದರೆ ಅದು ಚಿರತೆ. ಅವತ್ತಿನ ರೆಕಾರ್ಡಿಂಗ್ ಸಾಕು, ಗಾಡಿ ಹತ್ತಿ.

ಕಾಲ ಯಾವುದು? ಡಿಸೆಂಬರಿಂದ ಫೆಬ್ರವರಿ ತನಕ ಒಳ್ಳೆಯದು. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ನೆಲದ ಕಡೆಗೇ ಇಳಿಯುತ್ತದೆ. ಹಗಲು ಕೇಳಿಸದ ದೂರದ ಊರಿನ ಸದ್ದು ರಾತ್ರಿ ಪಕ್ಕದಲ್ಲೇ ಇರುವಂತೆ ಕೇಳಿಸುವುದು ಇದಕ್ಕೇ. ಆಷಾಢದ ಗಾಳಿಯಲ್ಲಿ ಮಾತ್ರ ಹೋಗಬೇಡಿ, ಮೈಕಿಗೆ ಭರ್ರೋ ಅನ್ನುವುದು ಬಿಟ್ಟು ಬೇರೇನೂ ಸಿಗುವುದಿಲ್ಲ. ಹೊತ್ತು ಅಂದರೆ ಸೂರ್ಯ ಮುಳುಗಿದ ಮೊದಲ ಒಂದು ಗಂಟೆ, ಮತ್ತೆ ಬೆಳಕು ಹರಿಯುವ ಮುಂಚಿನ ಒಂದು ಗಂಟೆ. ಧನುರ್ಮಾಸದಲ್ಲಿ ಬೆಳಗಿನ ಜಾವ ದೇವಸ್ಥಾನದ ಮೈಕು ಶುರುವಾಗುವ ಮೊದಲೇ ನಿಮ್ಮ ಕೆಲಸ ಮುಗಿದಿರಬೇಕು. ಆದರೂ ಮೈಕು ಶುರುವಾದ ಕೂಡಲೇ ಎದ್ದು ಹೋಗಬೇಡಿ. ನರಿಗಳು ಆಂಬುಲೆನ್ಸ್ ಸೈರನ್‌ಗೆ, ರೈಲಿನ ಹಾರ್ನ್‌ಗೆ, ದೇವಸ್ಥಾನದ ಗಂಟೆಗೆ ಕೂಡ ಉತ್ತರ ಕೊಡುತ್ತವೆ.

ಈಗ ಯಾರ ಕೂಗು ಅಂತ ಗುರುತು ಹಿಡಿಯುವುದು. ನರಿಯ ಕೂಗು ಒಂದರಿಂದ ಶುರುವಾಗುತ್ತದೆ. ಒಂದು ಉದ್ದನೆಯ ಅಳು, ಅದು ಮುಗಿದ ಕೂಡಲೇ ಇನ್ನೊಂದು ಸ್ವಲ್ಪ ಮೇಲಿನ ದನಿಯಲ್ಲಿ, ಮತ್ತೊಂದು ಇನ್ನೂ ಮೇಲೆ. ಅಷ್ಟರಲ್ಲಿ ಪಕ್ಕದಿಂದ ಎರಡನೆಯದು ಸೇರಿಕೊಳ್ಳುತ್ತದೆ, ನಡುನಡುವೆ ಚೂಪಾದ ಕಿರುಚಾಟ, ಎಲ್ಲ ಕಲಸಿಕೊಂಡು ಗದ್ದಲ ಆಗುತ್ತದೆ. ಆಮೇಲೆ ತಟ್ಟನೆ ನಿಂತುಬಿಡುತ್ತದೆ. ನಿಂತ ಮೇಲೆ ಮೈಕ್ ಆಫ್ ಮಾಡಬೇಡಿ, ಕೆರೆಯ ಆಚೆಯಿಂದಲೋ ಹಳ್ಳದ ಆ ಕಡೆಯಿಂದಲೋ ಬೇರೆ ಗುಂಪು ಉತ್ತರ ಕೊಡುವ ಸಾಧ್ಯತೆ ಜಾಸ್ತಿ, ನನಗಂತೂ ಮೊದಲ ಕೂಗಿಗಿಂತ ಆ ಉತ್ತರವೇ ಮುಖ್ಯ, ಯಾಕೆಂದರೆ ಎರಡು ಗುಂಪಿನ ನಡುವಿನ ಗಡಿ ಎಲ್ಲಿದೆ ಅನ್ನುವುದು ಅದರಿಂದಲೇ ಗೊತ್ತಾಗುವುದು.

ತೋಳದ ಕೂಗು ಹಾಗಲ್ಲ. ದನಿ ದಪ್ಪ, ಏರಿಳಿತ ಕಡಿಮೆ, ನರಿಯ ಕಿರುಚಾಟ ಇರುವುದಿಲ್ಲ. ನಮ್ಮ ಬಯಲಿನ ತೋಳ ಕೂಗುವುದೇ ಅಪರೂಪ. ಸಣ್ಣ ನರಿ ಇದೆಯಲ್ಲ, ಇಂಗ್ಲಿಷಲ್ಲಿ ಫಾಕ್ಸ್ ಅನ್ನುವುದು, ಬಾಲದ ತುದಿ ಕಪ್ಪಾಗಿರುವುದು, ಅದು ಊಳಿಡುವುದಕ್ಕಿಂತ ಹೆಚ್ಚಾಗಿ ಚಿಕ್ಕಚಿಕ್ಕದಾಗಿ ಒಂದೇ ಸಮ ಕಚಗುಟ್ಟುತ್ತದೆ. ನಾಯಿ ಊಳಿಟ್ಟರೂ ಸಾಮಾನ್ಯವಾಗಿ ನಡುವೆ ಬೊಗಳುತ್ತದೆ, ಮತ್ತೆ ಆ ಸದ್ದು ಬರುವುದು ಹೆಚ್ಚಾಗಿ ಊರಿನ ಕಡೆಯಿಂದ.

ಎಣಿಸುವಾಗ ಜೋಪಾನ. ಎರಡು ಕಯೋಟಿ ಸೇರಿ ಕೂಗಿದರೆ ಕೇಳುವವರಿಗೆ ದೊಡ್ಡ ಗುಂಪೇ ಇದೆ ಅನ್ನಿಸುತ್ತದೆ, ದನಿಯನ್ನು ಅಷ್ಟು ಬೇಗ ಬದಲಾಯಿಸುತ್ತವೆ. ನರಿಯದ್ದೂ ಅದೇ ಕಥೆ. "ಹತ್ತು ನರಿ ಇದ್ದವು" ಅಂತ ಬರೆಯಬೇಡಿ. ಬೇರೆ ಬೇರೆ ಅಂತ ಖಚಿತವಾಗಿ ಕೇಳಿಸಿದ್ದು ಎರಡಾದರೆ "ಕನಿಷ್ಠ ಎರಡು" ಅಂತ ಬರೆಯಿರಿ.

ಇನ್ನು ರೆಕಾರ್ಡಿಂಗ್. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ರೆಕಾರ್ಡರ್ ಆಪ್‌ನಲ್ಲಿ ವೇವ್ (WAV) ಫೈಲ್ ಆಯ್ಕೆ ಇದ್ದರೆ ಅದನ್ನೇ ಇಡಿ, ಎಂಪಿ3 ಬೇಡ. ಸದ್ದನ್ನು ತಾನಾಗಿಯೇ ಶುದ್ಧ ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ, ಮನುಷ್ಯರ ಮಾತನ್ನು ಉಳಿಸಿಕೊಂಡು ದೂರದ ಕೂಗನ್ನು ಅಳಿಸಿ ಹಾಕುವುದು ಅದೇ. ಹಳೆ ಉಣ್ಣೆಯ ಕಾಲುಚೀಲ ಒಂದನ್ನು ಮೈಕ್ ಇರುವ ತುದಿಗೆ ತೊಡಿಸಿದರೆ ಗಾಳಿಯ ಸದ್ದು ಬಹಳ ಕಡಿಮೆಯಾಗುತ್ತದೆ. ಫೋನ್ ಕೈಯಲ್ಲಿ ಹಿಡಿಯಬೇಡಿ, ಬ್ಯಾಗಿನ ಮೇಲೆ ಮಡಚಿದ ಟವೆಲ್ ಹಾಕಿ ಅದರ ಮೇಲಿಡಿ, ನೀವು ನಾಲ್ಕು ಹೆಜ್ಜೆ ದೂರ ಕೂರಿ. ಇಲ್ಲದಿದ್ದರೆ ನಿಮ್ಮ ಉಸಿರು, ಜರ್ಕಿನ್ನಿನ ಸರಸರ ಎಲ್ಲ ಅದರೊಳಗೆ. ಕೂಗು ಕೇಳಿಸಿದ ಮೇಲೆ ಬಟನ್ ಒತ್ತಿದರೆ ಶುರುವಿನ ಭಾಗ ಹೋಗಿಬಿಡುತ್ತದೆ, ಗುರುತು ಹಿಡಿಯಲು ಬೇಕಾದದ್ದೇ ಆ ಭಾಗ. ಅದಕ್ಕೆ ಕೂತ ಕೂಡಲೇ ರೆಕಾರ್ಡಿಂಗ್ ಶುರು ಮಾಡಿ ಬಿಟ್ಟುಬಿಡಿ. ಕೊನೆಯಲ್ಲಿ ದಿನಾಂಕ, ಹೊತ್ತು, ಊರು, ಗಾಳಿ ಎತ್ತ ಬೀಸುತ್ತಿತ್ತು ಅಂತ ನಿಮ್ಮ ದನಿಯಲ್ಲೇ ಹೇಳಿ ನಿಲ್ಲಿಸಿ.

ಇಬ್ಬರಿದ್ದರೆ ಇನ್ನೊಂದು ಕೆಲಸ ಮಾಡಬಹುದು. ಅರ್ಧ ಕಿಲೋಮೀಟರ್ ದೂರದಲ್ಲಿ ಬೇರೆ ಬೇರೆ ಕೂರಿ. ಕೂಗು ಬಂದಾಗ ಇಬ್ಬರೂ ಕಂಪಾಸ್‌ನಲ್ಲಿ ದಿಕ್ಕು ಮತ್ತು ಗಡಿಯಾರದಲ್ಲಿ ಹೊತ್ತು ಬರೆದುಕೊಳ್ಳಿ. ಮನೆಗೆ ಬಂದು ಮ್ಯಾಪಿನ ಮೇಲೆ ಎರಡು ಗೆರೆ ಎಳೆಯಿರಿ. ಗೆರೆ ಕೂಡುವ ಜಾಗದ ಆಸುಪಾಸಿನಲ್ಲಿ ಅವು ಇದ್ದವು. ಮಾರನೆಯ ದಿನ ಅಲ್ಲಿಗೆ ಹೋಗಿ ಬಿಲ ಹುಡುಕಬೇಡಿ, ಗೆರೆ ಸಾಕು.

ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಂ, ಅಂದರೆ ಸದ್ದಿನ ಏರಿಳಿತವನ್ನು ಗೆರೆಗಳಾಗಿ ತೋರಿಸುವ ಚಿತ್ರ, ತೆರೆಯಿರಿ. ತೋಳದ ಕೂಗು ಒಂದರ ಮೇಲೊಂದು ಪೇರಿಸಿಟ್ಟ ಮಟ್ಟಸವಾದ ಗೆರೆಗಳಾಗಿ ಕಾಣುತ್ತದೆ. ನರಿಗಳ ಮೇಳದಲ್ಲಿ ಗೆರೆಗಳೆಲ್ಲ ಹೆಣೆದುಕೊಂಡಿರುತ್ತವೆ, ಆದರೆ ಶುರುವಿನ ಒಂಟಿ ಕೂಗು ಮಾತ್ರ ಸ್ಪಷ್ಟವಾಗಿ ಬಿಡಿಯಾಗಿರುತ್ತದೆ. ಮಹಾರಾಷ್ಟ್ರದಲ್ಲಿ ಕೆಲಸ ಮಾಡಿದ ಸಂಶೋಧಕರು, ಕೂಗಿನ ಗುಣದಿಂದಲೇ ಒಂದೊಂದು ತೋಳವನ್ನೂ ಬೇರೆಯಾಗಿ ಗುರುತಿಸಬಹುದು ಅಂತ 2021ರಲ್ಲಿ ಪ್ರಕಟಿಸಿದರು. ನೀವು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಮಾಡಿಟ್ಟ ರೆಕಾರ್ಡಿಂಗಿಗೆ ಬೆಲೆ ಬರುವುದು ಇಂಥ ಕಡೆ.

ಹಂಚಿಕೊಳ್ಳುವಾಗ ಸರ್ವೆ ನಂಬರು, ಲೊಕೇಶನ್ ಪಿನ್ ಹಾಕಬೇಡಿ. ವಾಟ್ಸ್ಯಾಪ್ ಗ್ರೂಪಿಗಂತೂ ಊರಿನ ಹೆಸರೂ ಬೇಡ, ತಾಲ್ಲೂಕು ಸಾಕು. ಆ ಗ್ರೂಪಲ್ಲಿ ಯಾರ್ಯಾರು ಇದ್ದಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ಕಂಡ ಪ್ರಾಣಿ, ಗಿಡಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ (iNaturalist) ತಾಣಕ್ಕೆ ಆಡಿಯೋ ಹಾಕುವುದಾದರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ, ಅದನ್ನು ಒತ್ತಿ. ಕೂರಲು ಹೋದ ಕಡೆ ಉರುಳೋ ಸಿಡಿಮದ್ದೋ ಕಂಡರೆ ಮುಟ್ಟಬೇಡಿ, ದೂರದಿಂದ ಫೋಟೋ ತೆಗೆದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.