ಇನ್‌ಲ್ಯಾಂಡ್ ಲೆಟರಿನ ವಿಳಾಸ: ವಲಸೆಯ ಕಥೆ ಬರೆದ ನನ್ನ ಅನುಭವ

ವಲಸೆಯ ಬಗ್ಗೆ ಒಂದು ಕಥೆ ಬರೀಬೇಕು ಅಂತ ನನಗೆ ತುಂಬ ವರ್ಷದಿಂದ ಇತ್ತು. ಕಾಸರಗೋಡಿನ ಬದಿಯಡ್ಕ ಕಡೆ ನಮ್ಮಂಥ ಮನೆಗಳಲ್ಲಿ ಬೊಂಬಾಯಿಗೆ ಹೋದವರು ಒಬ್ಬರಾದ್ರೂ ಇರ್ತಾರೆ, ನಮ್ಮಲ್ಲಿ ಅದು ಸಣ್ಣಜ್ಜ, ಅಂದ್ರೆ ಅಜ್ಜನ ತಮ್ಮ. 1954ರಲ್ಲಿ 16 ವರ್ಷಕ್ಕೆ ಮನೆ ಬಿಟ್ಟು ಮಾಟುಂಗದ ಒಂದು ಹೋಟೆಲಿಗೆ ಸೇರಿದ್ದು, ಗ್ಲಾಸ್ ತೊಳೆಯುವ ಕೆಲಸದಿಂದ ಶುರು, ಹಗಲು ದುಡಿದು ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿ ಕೊನೆಗೆ ಒಂದು ಕಂಪೆನಿಯಲ್ಲಿ ಕ್ಲಾರ್ಕ್ ಆಗಿ ರಿಟೈರ್ ಆದ್ರು.

ಮೊದಲು ಬರೆದದ್ದು ಪೂರ್ತಿ ಪ್ರಯಾಣವೇ. ಹುಡುಗ ಬಸ್ಸು ಹತ್ತುದು, ತಾಯಿ ಕಣ್ಣೊರೆಸುದು, ಘಟ್ಟ, ದೊಡ್ಡ ಊರಿನ ದೀಪ ಎಲ್ಲ ಇತ್ತು. ಓದ್ಲಿಕ್ಕೆ ಕೊಟ್ಟಾಗ ಗೆಳೆಯ ಒಂದೇ ಮಾತು ಹೇಳಿದ, "ಇದ್ರಲ್ಲಿ ನಿನ್ನ ಸಣ್ಣಜ್ಜ ಎಲ್ಲಿದ್ದಾರೆ ಮಾರಾಯ, ಇದು ಯಾರದ್ದೂ ಆಗ್ಬಹುದಲ್ಲ." ಅವ ಹೇಳಿದ್ದು ಸರಿ ಇತ್ತು. ನಾನು ಸಣ್ಣಜ್ಜನ ಹತ್ರ ಒಂದು ಮಾತೂ ಕೇಳದೆ, ಓದಿದ ಕಥೆಗಳ ನೆನಪಲ್ಲೇ ಬರೆದಿದ್ದೆ, ಆಗ ಅವರು ತೀರಿಹೋಗಿ ನಾಲ್ಕು ವರ್ಷ ಆಗಿತ್ತು, ಕೇಳುವ ಅಂದ್ರೂ ಆಗ್ತಿರ್ಲಿಲ್ಲ.

ಮತ್ತೆ ಉಳಿದದ್ದು ಅಜ್ಜಿಯ ಟ್ರಂಕ್ ಪೆಟ್ಟಿಗೆ. ಅದರಲ್ಲಿ ಸೀರೆಗಳ ಅಡಿಯಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಇನ್‌ಲ್ಯಾಂಡ್ ಲೆಟರುಗಳು, ನೀಲಿ ಬಣ್ಣ ಮಾಸಿ ಬೂದಿ ಬಣ್ಣಕ್ಕೆ ಬಂದದ್ದು. ಇನ್‌ಲ್ಯಾಂಡಲ್ಲಿ ಜಾಗ ಸಾಲದೆ ಸಣ್ಣಜ್ಜ ಮಡಚುವ ಅಂಚಿನಲ್ಲೂ ಬರೀತಿದ್ರು, ಇಲ್ಲಿ ಅವಸರದಲ್ಲಿ ಬೆರಳು ಹಾಕಿ ಒಡೆಯುವಾಗ ಆ ಅಂಚು ಹರಿದು ಕೆಲವು ಮಾತು ಅಲ್ಲಿಗೇ ಹೋಗಿದೆ. ಒಳಗೆ ದೊಡ್ಡ ಸುದ್ದಿ ಎಂತದೂ ಇಲ್ಲ, "ನಾನಿಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿರಿ", ದನ ಕರು ಹಾಕಿತಾ, ತೋಟಕ್ಕೆ ಮದ್ದು ಬಿಟ್ಟಾಯ್ತಾ, ಮನಿಯಾರ್ಡರ್ ಸಿಕ್ಕಿತಾ. ಎರಡು ದಿನ ಅದನ್ನೇ ಓದಿ ಓದಿ ಬೇಜಾರು ಬಂದು ಮಡಚಿ ಇಡುವಾಗ ಹೊರಗಿನ ಬದಿ ಕಣ್ಣಿಗೆ ಬಿತ್ತು.

ಎಲ್ಲಾ ಕಾಗದ ತಾರೀಕಿನ ಪ್ರಕಾರ ಚಾವಡಿಯ ನೆಲದಲ್ಲಿ ಸಾಲಾಗಿ ಇಟ್ಟೆ. 1955ರದ್ದರಲ್ಲಿ ನಮ್ಮ ಮನೆಯ ವಿಳಾಸ ಕಾಸರಗೋಡು ತಾಲೂಕು, ಸೌತ್ ಕೆನರಾ, ಮದ್ರಾಸ್ ಸ್ಟೇಟ್. 1957ರಲ್ಲಿ ಕಣ್ಣಾನೂರು ಜಿಲ್ಲೆ, ಕೇರಳ. 1972ರಲ್ಲಿ ಪಿನ್ ಕೋಡ್ ಬಂದ ಮೇಲೆ 671ರಿಂದ ಶುರುವಾಗುವ ನಂಬರ್ ಸೇರ್ತದೆ, 1984ರ ನಂತರದ್ದರಲ್ಲಿ ಕಾಸರಗೋಡು ಜಿಲ್ಲೆ. ಕಳಿಸಿದವರ ವಿಳಾಸ ನೋಡಿದ್ರೆ ವರ್ಷಗಟ್ಟಲೆ ಮಾಟುಂಗ, ಬೊಂಬಾಯಿ 19, ಅಷ್ಟೇ. ಅವರ ಕಾಲಡಿಯಲ್ಲೂ ರಾಜ್ಯ ಬದಲಾಗಿತ್ತು, 1960 ಮೇ 1ಕ್ಕೆ ಬೊಂಬಾಯಿ ರಾಜ್ಯ ಒಡೆದು ಮಹಾರಾಷ್ಟ್ರ ಗುಜರಾತ್ ಆದದ್ದು, ಆದ್ರೆ ಅವರ ವಿಳಾಸದಲ್ಲಿ ಅದರ ಸುಳಿವಿಲ್ಲ. ಊರು ಬಿಟ್ಟವರ ವಿಳಾಸ ಹಾಗೇ ಇತ್ತು, ಕೂತಲ್ಲಿಂದ ಏಳದ ಮನೆಯದ್ದು ಮತ್ತೆ ಮತ್ತೆ ಬದಲಾಗಿತ್ತು. ಆ ದಿವಸ ನಾನು ಹಳೇ ಕಥೆಯನ್ನು ಪೂರ್ತಿ ಬಿಟ್ಟೆ.

ಇದ್ರಲ್ಲಿ ಒಂದು ಕಷ್ಟವೂ ಇತ್ತು. ನಮ್ಮಲ್ಲಿ 1956ರ ಬಗ್ಗೆ, ಅಂದ್ರೆ ಕಾಸರಗೋಡು ಕೇರಳಕ್ಕೆ ಸೇರಿದ್ದರ ಬಗ್ಗೆ ಬರೆಯುದು ಅಂದ್ರೆ ಹೋರಾಟದ ದನಿ ತಾನಾಗಿ ಬರ್ತದೆ, ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂತ ಹೋರಾಡಿದ ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ಓದಿ ಕೇಳಿ ಬೆಳೆದವರು ನಾವು, 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಚಂದ್ರಗಿರಿ ಹೊಳೆಯ ಬಡಗು ಬದಿ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿಯೂ ಆಗಲಿಲ್ಲ ಅನ್ನುವ ನೋವು ನನಗೂ ಉಂಟು. ಆದ್ರೆ ಕಥೆಯಲ್ಲಿ ಅದನ್ನು ಯಾರ ಬಾಯಲ್ಲಿ ಹಾಕ್ಲಿಕ್ಕೆ ಹೋದ್ರೂ ಭಾಷಣ ಆಗ್ತಿತ್ತು. ಕೊನೆಗೆ ಅಜ್ಜಿಯ ಹತ್ರವೇ ಕೇಳಿದೆ, ಅಜ್ಜೀ, 1956 ನವೆಂಬರ್ 1ಕ್ಕೆ ನೀವು ಎಂತ ಮಾಡ್ತಾ ಇದ್ರಿ ಅಂತ. "ಎಂತ ಮಾಡುದು ಮಗಾ, ಮಳೆ ಬಿಟ್ಟಿತ್ತಲ್ಲ, ಅಂಗಳ ಕೆತ್ತಿ ಸೆಗಣಿ ಸಾರಿಸ್ತಾ ಇದ್ದದ್ದು, ಅಡಿಕೆ ಹರವ್ಲಿಕ್ಕೆ ಆಗ್ಬೇಡ್ವಾ" ಅಂದ್ರು. ಕೇರಳ ಆದದ್ದು ಯಾವಾಗ ಗೊತ್ತಾಯ್ತು ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ರೇಷನ್ ಕಾರ್ಡಿನಲ್ಲಿ ತನ್ನ ಹೆಸರು ಯಾವುದು ಅಂತ ತನಗೇ ಓದ್ಲಿಕ್ಕೆ ಆಗದಾಗ ಅಂತ ಹೇಳಿದ್ರು. ಅಜ್ಜಿಗೆ ಕನ್ನಡ ಚೆನ್ನಾಗಿ ಓದ್ಲಿಕ್ಕೆ ಬರ್ತಿತ್ತು, ದಿನಾ ಸಂಜೆ ಭಾರತ ಓದಿ ಬೇರೆಯವರಿಗೂ ಹೇಳ್ತಿದ್ದವರು. ಅಂಗಳ ಕೆತ್ತುವುದು, ಆ ಕಾರ್ಡು, ಇವೆರಡನ್ನು ನಾನು ಕಥೆಯಲ್ಲಿ ಹಾಗೇ ಇಟ್ಟಿದ್ದೇನೆ, ಪಕ್ಕದಲ್ಲಿ ನನ್ನ ವಿವರಣೆ ಒಂದು ಸಾಲೂ ಇಲ್ಲ.

ಭಾಷೆಯದ್ದು ಇನ್ನೊಂದು ತಲೆಬಿಸಿ. ನಮ್ಮವರು ಮನೆಯಲ್ಲಿ ಒಂದು ಮಾತಾಡಿ, ಗದ್ದೆಯಲ್ಲಿ ತುಳು ಮಾತಾಡಿ, ಪೇಟೆಯಲ್ಲಿ ಮಲಯಾಳ ಮಾತಾಡ್ತಾರೆ, ಎಲ್ಲವನ್ನೂ ಪುಸ್ತಕದ ಕನ್ನಡದಲ್ಲಿ ಬರೆದ್ರೆ ಆ ಬದುಕೇ ಸುಳ್ಳಾಗ್ತದೆ. ಬಸ್ಸಿನಲ್ಲಿ ಪಕ್ಕದವ "ಎವಿಡೆನ್ನಾ" ಅಂತ ಕೇಳಿದ್ದನ್ನು ಹಾಗೇ ಬರೆದು, ಉತ್ತರವಾಗಿ ನಮ್ಮೂರಿನವ ಊರಿನ ಹೆಸರು ಹೇಳಿದ್ದನ್ನು ಬರೆದೆ, ಅರ್ಥ ಅಲ್ಲೇ ಸಿಗ್ತದೆ. ಅಡಿಟಿಪ್ಪಣಿ ಹಾಕ್ಲಿಲ್ಲ. ಮಂಗಳೂರಿನಲ್ಲಿ ಅದೇ ಮನುಷ್ಯನ ಹತ್ರ "ನೀವು ಕೇರಳದವರಾ" ಅಂತ ಕೇಳ್ತಾರೆ, ನನಗೂ ಎಷ್ಟೋ ಸಲ ಆದ ಅನುಭವ, ಆಗ ಒಂದು ಕ್ಷಣ ಬಾಯಿ ಕಟ್ಟಿದ ಹಾಗೆ ಆಗ್ತದಲ್ಲ, ಅದನ್ನು ಬರೀಲಿಕ್ಕೆ ನನಗೆ ಒಂದು ವಾರ ಹಿಡಿಯಿತು.

ಆಗ ಧೈರ್ಯ ಕೊಟ್ಟದ್ದು ಕಥೆಗಾರ ಯಶವಂತ ಚಿತ್ತಾಲರು. ಮುಂಬೈಯಲ್ಲೇ ಬಾಳಿ ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಬಿಡದೆ ಬರೆದವರು ಅವರು, ಒಂದು ಊರನ್ನು ಅಷ್ಟು ಸಲ ಬರೆದ್ರೂ ಅದು ಮುಗಿಯುದಿಲ್ಲ ಅಂತ ಅವರಿಂದ ಗೊತ್ತಾಯ್ತು.

ಕಥೆ ಅಚ್ಚಾದ ಮೇಲೆ ಸಣ್ಣಜ್ಜನ ಮಗಳು ಮುಂಬೈಯಿಂದ ಫೋನ್ ಮಾಡಿದ್ರು. ಅಲ್ಲೇ ಹುಟ್ಟಿ ಬೆಳೆದವರು, ಆದ್ರೂ ಇಲ್ಲಿಗೆ ಬರುದಕ್ಕೆ "ಊರಿಗೆ ಬರುದು" ಅಂತಲೇ ಹೇಳುದು. ನಮ್ಮಪ್ಪ ಯಾವತ್ತೂ ಮುಂಬೈ ಅನ್ಲಿಲ್ಲ, ಬೊಂಬಾಯಿ ಅಂತಲೇ ಹೇಳ್ತಿದ್ದದ್ದು, ಒಂದು ಕಡೆ ತಪ್ಪಾಗಿದೆ ನೋಡು ಅಂತ ತಿದ್ದಿದ್ರು. ಮತ್ತೆ ಕೇಳಿದ್ರು, "ಅಪ್ಪ ಬರೆದದ್ದು ನಿನ್ನ ಹತ್ರ ಉಂಟು, ದೊಡ್ಡಪ್ಪ ಬರೆದದ್ದು ನನ್ನ ಹತ್ರ ಉಂಟಲ್ಲ, ನೀನ್ಯಾಕೆ ಕೇಳಲಿಲ್ಲ?" ನಿಜವಾಗಿ ನನಗೆ ಅದು ಹೊಳೆದೇ ಇರಲಿಲ್ಲ. ನಾನು ಓದಿದ್ದು ಅರ್ಧ ಮಾತುಕತೆ ಮಾತ್ರ.

ರಾತ್ರಿ ವಾಟ್ಸಾಪಿನಲ್ಲಿ ಒಂದು ಕಾಗದದ ಫೋಟೋ ಬಂತು. 1963ರದ್ದು, ಅಜ್ಜನ ಕೈಬರಹ. ಕಳಿಸಿದವರ ವಿಳಾಸ ಬರೆಯುವಲ್ಲಿ, ಕೇರಳ ಆಗಿ ಏಳು ವರ್ಷ ಕಳೆದಿತ್ತು, ಅಜ್ಜ ಇನ್ನೂ ದಕ್ಷಿಣ ಕನ್ನಡ ಜಿಲ್ಲೆ ಅಂತಲೇ ಬರೆದಿದ್ದಾರೆ. ಉಳಿದವು ಇನ್ನೂ ಮೂವತ್ತು ನಲವತ್ತು ಇರಬಹುದಂತೆ. ಬರುವ ತಿಂಗಳು ನೇತ್ರಾವತಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿದ್ದೇನೆ, ಎಲ್ಲವನ್ನೂ ಅಲ್ಲೇ ಕೂತು ಓದಿ ಕಥೆಯನ್ನು ತಿರುಗಿ ಬರೀಬೇಕು.