ಐರ್ಲೆಂಡಿನ ಕೋಟಾ ಕಾಗದದ ಮೇಲೆಯೇ ತುಂಬಿತು

ಆನ್‌ಲೈನ್ ಇರುವಾಗ ಕಾಗದ ಹಿಡಿದು ಬೀದಿಗೆ ಇಳಿಯುವವರು ಯಾರು ಎಂದು ನಮ್ಮದೇ ಸಮನ್ವಯ ತಂಡದವರು ಮೂಗು ಮುರಿದಿದ್ದರು. ಕೊನೆಗೆ ನಮ್ಮ ಇಸಿಐಗೆ, ಅಂದರೆ ಹೊಸ ಕಾನೂನು ತನ್ನಿ ಎಂದು ಯುರೋಪಿಯನ್ ಒಕ್ಕೂಟದ ನಾಗರಿಕರು ಯುರೋಪಿಯನ್ ಆಯೋಗವನ್ನು ಕೇಳುವ ಸಹಿ ಅರ್ಜಿಗೆ, ಐರ್ಲೆಂಡಿನಿಂದ ಬಂದ ಸಹಿಗಳಲ್ಲಿ ಮುಕ್ಕಾಲು ಪಾಲು ಕ್ಲಿಪ್‌ಬೋರ್ಡಿನ ಮೇಲೆ ಬಿದ್ದವೇ.

ಹನ್ನೆರಡು ತಿಂಗಳಲ್ಲಿ ಹತ್ತು ಲಕ್ಷ ಸಹಿ, ಕನಿಷ್ಠ ಏಳು ದೇಶಗಳಲ್ಲಿ ಆಯಾ ದೇಶದ ಕೋಟಾ ತುಂಬಬೇಕು ಎಂಬುದು ಈ ಕೆಲಸದವರಿಗೆಲ್ಲ ಗೊತ್ತು. ಎಡವುವುದು ಏಳು ದೇಶ ಆರಿಸುವಾಗ. ಒಂದು ದೇಶದಿಂದ ಯುರೋಪಿಯನ್ ಸಂಸತ್ತಿಗೆ ಹೋಗುವ ಸಂಸದರ ಸಂಖ್ಯೆಯನ್ನು ಸಂಸತ್ತಿನ ಒಟ್ಟು ಸ್ಥಾನವಾದ 720ರಿಂದ ಗುಣಿಸಿದರೆ ಅದರ ಕೋಟಾ: ಮಾಲ್ಟಾಕ್ಕೆ 4,320, ಜರ್ಮನಿಗೆ 69,120. ಸಣ್ಣದು ಸಲೀಸು ಅನ್ನಿಸುತ್ತದೆ. ಜನಸಂಖ್ಯೆಯ ಲೆಕ್ಕ ಹಾಕಿದರೆ ಜರ್ಮನಿಯಲ್ಲಿ ಸಾವಿರಕ್ಕೆ ಒಬ್ಬರೂ ಬೇಡ, ಮಾಲ್ಟಾದಲ್ಲಿ ಸಾವಿರಕ್ಕೆ ಏಳೆಂಟು ಜನ ಬೇಕು. ಐರ್ಲೆಂಡ್ ನಡುವೆ ಇದೆ: 14 ಸಂಸದರು, 10,080 ಸಹಿ. ಇನ್ನೂ ಒಂದು ಅನುಕೂಲ, ಇಲ್ಲಿಯವರು ಗುರುತಿನ ಚೀಟಿಯ ನಂಬರ್ ಬರೆಯಬೇಕಿಲ್ಲ. ಹೆಸರು, ವಿಳಾಸ, ಹುಟ್ಟಿದ ತಾರೀಖು, ಸಹಿ ಹಾಕಿದ ತಾರೀಖು, ಸಹಿ, ಅಷ್ಟೇ. ಇಟಲಿ, ಸ್ಪೇನ್, ಪೋಲೆಂಡಿನವರಿಗೆ ನಂಬರ್ ಬೇಕೇ ಬೇಕು. ಸಂತೆಯಲ್ಲಿ ನಿಂತು ಅದನ್ನು ಕೇಳಿದರೆ ಜನ ಪೆನ್ನು ವಾಪಸ್ ಕೊಟ್ಟು ನಡೆದುಬಿಡುತ್ತಾರೆ.

ಹೆಚ್ಚು ಸಹಿ ಹಾಳಾಗುವುದು ಪೌರತ್ವದಲ್ಲಿ. ಸಹಿ ಲೆಕ್ಕಕ್ಕೆ ಬರುವುದು ವಾಸದ ದೇಶಕ್ಕಲ್ಲ, ಪಾಸ್‌ಪೋರ್ಟಿನ ದೇಶಕ್ಕೆ. ಒಂದು ಹಾಳೆಯಲ್ಲಿ ಒಂದೇ ದೇಶದವರು ಇರಬೇಕು, ಮೇಲಿನ ಚೌಕಗಳಲ್ಲಿ ಒಂದಕ್ಕೇ ಗುರುತು. ಡಬ್ಲಿನ್ನಿನಲ್ಲಿ ಪೋಲಿಷರು ಬೇಕಾದಷ್ಟಿದ್ದಾರೆ. ಐರಿಷ್ ಹಾಳೆಯ ಮೂರನೇ ಸಾಲಿನಲ್ಲಿ ಅವರು ಬರೆದರೆ ಆ ಸಾಲು ಹೋಯಿತು. ಅದಕ್ಕೇ ನಮ್ಮ ಮೊದಲ ಪ್ರಶ್ನೆ "ಈ ವಿಷಯ ಗೊತ್ತೇ?" ಎಂದಲ್ಲ, "ಯಾವ ಪಾಸ್‌ಪೋರ್ಟ್?" ಎಂದು. ಐರಿಷ್ ಹಾಳೆ ಹಸಿರು ಬೋರ್ಡಿಗೆ, ಪೋಲಿಷ್ ಹಾಳೆ ಕೆಂಪಿಗೆ. ಕನ್ನಡದವರ ರಾಜ್ಯೋತ್ಸವಕ್ಕೂ ಮೇಜು ಹಾಕಿದ್ದೆವು. ಉತ್ಸಾಹಕ್ಕೆ ಕೊರತೆ ಇರಲಿಲ್ಲ, ಆದರೆ ಭಾರತದ ಪಾಸ್‌ಪೋರ್ಟಿನವರೇ ಜಾಸ್ತಿ. ಐರಿಷ್ ಪೌರತ್ವ ಪಡೆದವರ ಸಹಿ ಮಾತ್ರ ದಕ್ಕಿತು, ಊಟ ಚೆನ್ನಾಗಿತ್ತು.

ಎರಡನೇ ಕಾಟ ಮಳೆ. ಜೆಲ್ ಪೆನ್ನು ಹರಡುತ್ತದೆ, ಹುಟ್ಟಿದ ವರ್ಷದ 1 ಮತ್ತು 7 ಒಂದೇ ಆಗಿಬಿಡುತ್ತವೆ. ಸಾದಾ ಬಾಲ್‌ಪೆನ್ನು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಎ4ರ ನಮೂನೆಯನ್ನು ಎ3ಕ್ಕೆ ಹಿಗ್ಗಿಸಿದ ಮುದ್ರಣ: ಈ ಮೂರರಿಂದ ಓದಲಾಗದ ಸಾಲುಗಳು ಅರ್ಧಕ್ಕಿಂತ ಕಡಿಮೆಯಾದವು. ಪರಿಶೀಲಿಸುವ ಅಧಿಕಾರಿಗಳು ಎಲ್ಲ ಸಾಲನ್ನೂ ನೋಡಬೇಕೆಂದಿಲ್ಲ, ಸ್ಯಾಂಪಲ್ ತೆಗೆದೂ ಲೆಕ್ಕ ಹಾಕಬಹುದು. ಸ್ಯಾಂಪಲಿನಲ್ಲಿ ಸಿಕ್ಕ ಒಂದು ಕೆಟ್ಟ ಸಾಲು ತನ್ನ ಜೊತೆ ಹತ್ತಾರನ್ನು ಎಳೆದುಕೊಂಡು ಹೋಗುತ್ತದೆ. ಕೋಟಾದ ಮೇಲೆ ಶೇ. 20 ಹೆಚ್ಚು ಇಟ್ಟುಕೊಳ್ಳಿ, ಅಂದರೆ ಇಲ್ಲಿ 12,000ದ ಆಸುಪಾಸು. ಶೇ. 10 ಸಾಕು ಅನ್ನುವವರ ಮಾತು ಕೇಳಬೇಡಿ.

ದುಡ್ಡು: ಮುದ್ರಣ, ಬೋರ್ಡು, ಬಸ್ಸು, ಚಹಾ ಎಲ್ಲ ಸೇರಿ ಒಂದು ಸಹಿಗೆ ಸುಮಾರು 40 ಸೆಂಟ್ ಬಿತ್ತು. ಜಾಹೀರಾತಿನಿಂದ ಬಂದ ಆನ್‌ಲೈನ್ ಸಹಿಗೆ ಎರಡು ಯೂರೋ ದಾಟಿತ್ತು. 2025ರ ಅಕ್ಟೋಬರ್‌ನಿಂದ ಮೆಟಾ ಯುರೋಪಿಯನ್ ಒಕ್ಕೂಟದಲ್ಲಿ ರಾಜಕೀಯ, ಸಾಮಾಜಿಕ ವಿಷಯಗಳ ಜಾಹೀರಾತುಗಳನ್ನೇ ನಿಲ್ಲಿಸಿದ್ದರಿಂದ ಆ ದಾರಿ ಹೇಗೂ ಮುಚ್ಚಿತು. ಚಹಾ ಲೋಟಕ್ಕೆ ಕ್ಯೂಆರ್ ಅಂಟಿಸಿಯೂ ನೋಡಿದೆವು. ಸ್ಕ್ಯಾನ್ ಮಾಡುವವರಿಗೆ ಬರವಿಲ್ಲ, ಹುಟ್ಟಿದ ತಾರೀಖಿನ ಪರದೆ ಬಂದೊಡನೆ ಫೋನು ಜೇಬಿಗೆ. 500 ಯೂರೋ ಮೀರಿ ಕೊಟ್ಟ ದಾನಿಯ ಹೆಸರು ಬಹಿರಂಗವಾಗಬೇಕು. ಮೊದಲೇ ಹೇಳಿಬಿಡಿ, ಆಮೇಲೆ ಮುನಿಸು ಬೇಡ. ಯಾವ ಸಂತೆ, ಯಾವ ಹೊತ್ತು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ಅಭಿಯಾನಕ್ಕೆ ಬೇಕು.

ಈಮೇಲ್ ವಿಳಾಸವನ್ನು ಸಹಿ ಹಾಳೆಯಲ್ಲಿ ಬರೆಸಿಕೊಳ್ಳುವಂತಿಲ್ಲ. ಬೇರೆ ಚೀಟಿ, ಬೇರೆ ಒಪ್ಪಿಗೆ. ಈ ಚೀಟಿಗೆ ಆಲಸ್ಯ ಮಾಡಬೇಡಿ, ಏಕೆಂದರೆ ಸಹಿ ಸಲ್ಲಿಸಿದ ಮೇಲೆ ಜನರನ್ನು ಮತ್ತೆ ಕರೆಯಲು ಉಳಿಯುವುದು ಇದೊಂದೇ. ಆಯೋಗ ಆರು ತಿಂಗಳಲ್ಲಿ ಉತ್ತರ ಕೊಡಬೇಕು, ಕಾನೂನು ತರಲೇಬೇಕೆಂದಿಲ್ಲ. ಪಂಜರದ ಸಾಕಣೆ ನಿಲ್ಲಿಸಿ ಎಂದ ಸುಮಾರು 14 ಲಕ್ಷ ಸಹಿಗಳಿಗೆ 2021ರಲ್ಲಿ ಸಿಕ್ಕ ಮಾತು 2023ರ ಕೊನೆಗೆ ಮಸೂದೆ ಎಂದು. ಗಡುವು ಸುಮ್ಮನೆ ದಾಟಿತು. ನೀರಿನ ಹಕ್ಕಿನ ಅಭಿಯಾನಕ್ಕೆ 2014ರಲ್ಲಿ ಸಿಕ್ಕಿದ್ದು ಸಪ್ಪೆ ಉತ್ತರ, ಕುಡಿಯುವ ನೀರಿನ ಬಗ್ಗೆ ಒಕ್ಕೂಟದ ಹೊಸ ಕಾನೂನು ಬಂದದ್ದು 2020ರಲ್ಲಿ. ಆದ್ದರಿಂದ ಒಟ್ಟು ಹಣದಲ್ಲಿ ಮೂರನೇ ಒಂದು ಭಾಗವನ್ನು ಸಲ್ಲಿಕೆಯ ನಂತರಕ್ಕೆ ಎತ್ತಿಡಿ, ಹಾಳೆ ಚೂರು ಮಾಡುವ ಖರ್ಚೂ ಅದರಲ್ಲೇ ಬರಲಿ. ಆಯೋಗಕ್ಕೆ ಸಲ್ಲಿಸಿದ ಒಂದು ತಿಂಗಳೊಳಗೆ ಸಹಿ ಹಾಳೆಗಳು ನಾಶವಾಗಿರಬೇಕು.