ನೋಡಿದವರು ಬೇರೆ, ಮಾರುವವರು ಬೇರೆ

ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಮನೆಯಲ್ಲಿ ಸಣ್ಣ ಟೆಲಿಸ್ಕೋಪ್ ಇದೆ. ಇಸ್ಪೀಟ್ ಎಲೆಯ ಒಂದಿಷ್ಟು ಜಾದೂ ಬರುತ್ತದೆ. ಇಷ್ಟು ಸಾಕಾಯಿತು, ಬನಶಂಕರಿಯ ನಮ್ಮ ಬೀದಿಗೂ ನೆಂಟರಿಷ್ಟರಿಗೂ ನಾನೇ ಹಾರುವ ತಟ್ಟೆ ಇಲಾಖೆ. ಆಕಾಶದಲ್ಲಿ ಏನು ಮಿನುಗಿದರೂ "ಸರ್, ಇದೇನು ನೋಡಿ" ಅಂತ ವಾಟ್ಸಾಪ್‌ನಲ್ಲಿ ವೀಡಿಯೊ ಬರುತ್ತದೆ.

ವೀಡಿಯೊ ತೆರೆಯುವ ಮೊದಲೇ ನಾನು ಮೂರು ವಿಷಯ ಕೇಳುತ್ತೇನೆ. ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ? ಎತ್ತರ ಹೇಳಲು ಬರದಿದ್ದರೆ ಕೈ ಉದ್ದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ ಅನ್ನುತ್ತೇನೆ. ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಸಂಜೆ, ಪಶ್ಚಿಮಕ್ಕೆ, ಎರಡು ಮೂರು ಮುಷ್ಟಿ ಮೇಲೆ, ಅಲ್ಲಾಡದೆ ನಿಂತಿತ್ತು ಅಂದರೆ ಬಹುತೇಕ ಶುಕ್ರ. ಬೆಳಗಿನ ಜಾವ ಪೂರ್ವಕ್ಕಿದ್ದರೆ ನಮ್ಮ ಅಜ್ಜಿಯರ ಬೆಳ್ಳಿ ಚುಕ್ಕಿ, ಅದೂ ಶುಕ್ರನೇ. ಫೋನ್‌ನಲ್ಲಿ ಜೂಮ್ ಮಾಡಿದಾಗ ಫೋಕಸ್ ತಪ್ಪಿ, ಚುಕ್ಕಿ ಹಿಗ್ಗಿ, ಅಂಚು ನಡುಗುವ ತಟ್ಟೆಯಾಗುತ್ತದೆ. ನಂಬದವರಿಗೆ ದೂರದ ಬೀದಿದೀಪವನ್ನು ಹಾಗೇ ಜೂಮ್ ಮಾಡಿ ನೋಡಲು ಹೇಳುತ್ತೇನೆ. ಅಲ್ಲೂ ತಟ್ಟೆ ಬರುತ್ತದೆ.

ಸಾಲಾಗಿ ಮಣಿ ಪೋಣಿಸಿದಂತೆ ಬೆಳಕು ಹೋಯಿತು ಅಂದರೆ ಇಂಟರ್ನೆಟ್ ಕೊಡಲು ಹಾರಿಬಿಟ್ಟ ಉಪಗ್ರಹಗಳ ಸಾಲು, ಸ್ಟಾರ್‌ಲಿಂಕ್. 2019ರ ಮೇ ತಿಂಗಳಲ್ಲಿ 60 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದ ಮೇಲೆ ಇದು ಶುರುವಾಯಿತು. ದೇವನಹಳ್ಳಿಯಲ್ಲಿ ಇಳಿಯಲು ಬರುವ ವಿಮಾನ ನೋಡುವವರ ಕಡೆಗೇ ಮುಖ ಮಾಡಿದ್ದರೆ ಅದರ ದೀಪ ನಿಂತಲ್ಲೇ ನಿಂತಂತೆ ಕಾಣುತ್ತದೆ, ಆಮೇಲೆ ಥಟ್ಟನೆ ಪಕ್ಕಕ್ಕೆ ಜಾರುತ್ತದೆ. ವಿಮಾನ ತೋರಿಸುವ ಆಪ್ ಒಂದು, ನಕ್ಷತ್ರ ತೋರಿಸುವ ಆಪ್ ಒಂದು ಫೋನ್‌ನಲ್ಲಿದ್ದರೆ ಮುಕ್ಕಾಲು ಕೆಲಸ ಆಯಿತು.

ನೋಡಿದವರನ್ನು ಮಾತ್ರ ನಾನು ಗೇಲಿ ಮಾಡುವುದಿಲ್ಲ. 2012-13ರಲ್ಲಿ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಗುರುತು ಸಿಗದ ಬೆಳಕುಗಳನ್ನು 300ಕ್ಕೂ ಹೆಚ್ಚು ಸಲ ದಾಖಲಿಸಿದ್ದರು. ಚೀನಾದ ಡ್ರೋನ್ ಇರಬಹುದೆಂಬ ಅನುಮಾನ. ಕೊನೆಗೆ ಅದನ್ನು ಬಿಡಿಸಿದವರು ನಮ್ಮ ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು. ಅವು ಗುರು ಮತ್ತು ಶುಕ್ರ ಗ್ರಹಗಳು. ಕಾವಲು ಕಾಯುವ ಸೈನಿಕರಿಗೇ ಹಾಗೆ ಕಂಡ ಮೇಲೆ ಟೆರೇಸಿನಲ್ಲಿ ಬಟ್ಟೆ ಒಣಗಿಸಲು ಹೋದ ನಮ್ಮ ಪಕ್ಕದ ಮನೆ ಆಂಟಿಯನ್ನು ನೋಡಿ ನಗುವುದೇಕೆ? ಅವರು ಕಂಡದ್ದು ನಿಜ. ಅದೇನು ಅನ್ನುವುದಷ್ಟೇ ಬಾಕಿ.

ಮಾರುವವರ ಕಥೆ ಬೇರೆ. ಅವರ ಹತ್ತಿರ ನಾನು ಬಿಗಿಯಾಗಿಯೇ ಇರುತ್ತೇನೆ.

ನಂದಿ ಬೆಟ್ಟದ ಕಡೆ ಒಂದು ರೆಸಾರ್ಟಿನಲ್ಲಿ 'ಅನ್ಯಗ್ರಹ ಸಂಪರ್ಕ ಧ್ಯಾನ' ಅಂತ ಕರೆದಿದ್ದರು. ದುಡ್ಡು ಕೊಟ್ಟು ಹೋದೆ. ಹೋಗುವ ಮೊದಲು ಮನೆಯಲ್ಲೇ ಆಪ್ ನೋಡಿ, ಆ ಸಂಜೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಷ್ಟು ಗಂಟೆಗೆ ಯಾವ ದಿಕ್ಕಿನಿಂದ ಹುಟ್ಟಿ ಎಲ್ಲಿ ಮಾಯವಾಗುತ್ತದೆ ಅಂತ ಚೀಟಿಯಲ್ಲಿ ಬರೆದೆ. ಅದನ್ನು ಮಡಚಿ ಪಕ್ಕದಲ್ಲಿ ಕೂತ ದಂಪತಿಗೆ ಕೊಟ್ಟು, "ಆಮೇಲೆ ತೆಗೆಯಿರಿ" ಎಂದೆ. ಎಲ್ಲರೂ ಕಣ್ಣು ಮುಚ್ಚಿ ಕರೆದರು. ಹೇಳಿದ ನಿಮಿಷಕ್ಕೆ ಬೆಳಕು ಬಂತು. ಆಯೋಜಕರು ಲೇಸರ್ ಬಿಟ್ಟು ತೋರಿಸಿ, "ನಮ್ಮ ಕರೆಗೆ ಓಗೊಟ್ಟರು" ಅಂದರು. (ವಿಮಾನ ಓಡಾಡುವ ಆಕಾಶಕ್ಕೆ ಲೇಸರ್ ಬಿಡುವುದು ಅಪಾಯ, ಅದು ಬೇರೆ ಮಾತು.) ಪೂರ್ವದ ಕಡೆ ಸಾಗುತ್ತಾ ಬೆಳಕು ನಡು ಆಕಾಶದಲ್ಲೇ ಆರಿತು. "ನೋಡಿದ್ರಾ, ಇನ್ನೊಂದು ಆಯಾಮಕ್ಕೆ ಹೋದರು!" ನಿಲ್ದಾಣ ಭೂಮಿಯ ನೆರಳಿಗೆ ಹೊಕ್ಕಿತ್ತು, ಅಷ್ಟೇ. ದಂಪತಿ ಚೀಟಿ ಬಿಚ್ಚಿದರು. ಗಂಡ ನಕ್ಕರು, ಹೆಂಡತಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟು ಬಂತು. ಆಯೋಜಕರಿಗೆ ತೋರಿಸಿದರೆ "ನೀವು ಮನಸ್ಸು ಮುಚ್ಚಿಕೊಂಡು ಬಂದಿದ್ದೀರಿ" ಎಂದು ಮುಂದಿನ ಹಂತದ ಕೋರ್ಸಿನ ಫೀಸು ಹೇಳಲು ಹೋದರು.

ಅತೀಂದ್ರಿಯ ಶಕ್ತಿಯವರ ಸಭೆಗೆ ಹೋದರೆ ನನ್ನ ಆಯುಧ ಒಂದು ನೋಟ್‌ಬುಕ್ಕು. "ಇಲ್ಲಿ ಯಾರಿಗೋ ಎದೆಯ ಭಾಗದ ತೊಂದರೆಯಿಂದ ತೀರಿಕೊಂಡ ಹಿರಿಯರಿದ್ದಾರೆ, ಹೆಸರಿನಲ್ಲಿ 'ಮ' ಇದೆ" ಅನ್ನುತ್ತಾರೆ. ಬೆಂಗಳೂರಿನ ಒಂದು ಹಾಲ್‌ನಲ್ಲಿ ಮಂಜುನಾಥ, ಮಹದೇವ, ರಾಮಣ್ಣ, ಸೋಮಣ್ಣ ಯಾರ ಮನೆಯಲ್ಲೂ ಇಲ್ಲದಿರುತ್ತಾರಾ? ಹೇಳಿದ ಪ್ರತಿ ಮಾತನ್ನೂ ಬರೆದು ಸರಿ, ತಪ್ಪು ಗುರುತು ಹಾಕುತ್ತಾ ಹೋಗುತ್ತೇನೆ. ಸಭೆ ಮುಗಿದಾಗ ಜನರಿಗೆ ತಾಗಿದ ಮಾತಷ್ಟೇ ನೆನಪಿರುತ್ತದೆ, ನನ್ನ ಪುಟದಲ್ಲಿ ತಾಗದವು ತುಂಬಿರುತ್ತವೆ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ವ್ಯಕ್ತಿತ್ವ ವರ್ಣನೆ ಕೊಟ್ಟ. ನಿಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದರೆ 5ಕ್ಕೆ ಸರಾಸರಿ ಸುಮಾರು 4.3 ಅಂಕ ಬಂತು. ನನ್ನ ಕ್ಲಾಸಿನಲ್ಲೂ ಮಾಡಿ ನೋಡಿದೆ. ಚೀಟಿ ಅದಲು ಬದಲು ಮಾಡಿಕೊಳ್ಳಿ ಅಂದಾಗ ಮಕ್ಕಳ ಮುಖ ನೋಡಬೇಕಿತ್ತು!

ಜಾಸ್ತಿ ತಲೆಕೆಡಿಸಿದ್ದು ಮಾತ್ರ ಮಿಡ್‌ಬ್ರೈನ್ ಆಕ್ಟಿವೇಶನ್. ಮಕ್ಕಳ ಮಧ್ಯ ಮಿದುಳನ್ನು ಎಬ್ಬಿಸುತ್ತೇವೆ ಅನ್ನುವ ಕ್ಲಾಸು ಇದು. ಕಣ್ಣಿಗೆ ಪಟ್ಟಿ ಕಟ್ಟಿದ ಮಗು ಪುಸ್ತಕ ಓದುತ್ತದೆ, ಬಣ್ಣ ಹೇಳುತ್ತದೆ. ಫೀಸು ಸಾವಿರಗಟ್ಟಲೆ. ಮಧ್ಯ ಮಿದುಳು ಎಲ್ಲರಿಗೂ ಹುಟ್ಟಿದಾಗಿನಿಂದ ಕೆಲಸ ಮಾಡುತ್ತಲೇ ಇರುತ್ತದೆ, ಅದನ್ನು ಯಾರೂ 'ಎಬ್ಬಿಸ'ಬೇಕಾಗಿಲ್ಲ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಈ ದಂಧೆಯನ್ನು ವರ್ಷಗಟ್ಟಲೆ ಬಯಲಿಗೆಳೆಯುತ್ತಾ ಬಂದಿದ್ದಾರೆ. ಆದರೂ ನಮ್ಮ ಭಾವ ಅಕ್ಕನ ಮಗಳನ್ನು ಒಂದು ಕ್ಲಾಸಿಗೆ ಸೇರಿಸಿ, ಹಬ್ಬದ ದಿನ ಎಲ್ಲರ ಮುಂದೆ ಓದಿಸಿದರು.

ಆ ಗಲಾಟೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಮಗುವನ್ನು ಜನರ ಮುಂದೆ ಸಿಕ್ಕಿಹಾಕಿಸುವುದು ಪರೀಕ್ಷೆಯಲ್ಲ. ಊಟ ಆದ ಮೇಲೆ ಆ ಪಟ್ಟಿಯನ್ನು ನಾನೇ ಕಟ್ಟಿಕೊಂಡೆ. ಮೂಗಿನ ಎರಡೂ ಪಕ್ಕ ಸಂದಿ ಉಳಿಯುತ್ತದೆ. ಕೆಳಗೆ ನೋಡಿದರೆ ಎದೆಯ ಹತ್ತಿರ ಹಿಡಿದ ಪೇಪರ್ ಸಲೀಸಾಗಿ ಓದಬಹುದು. ಆಮೇಲೆ ಹುಡುಗಿಯನ್ನು ರೂಮಿಗೆ ಕರೆದು, ಭಾವ ಒಬ್ಬರನ್ನೇ ಕೂರಿಸಿಕೊಂಡು ಆಟ ಶುರು ಮಾಡಿದೆ. ಕಾರ್ಡನ್ನು ಹಣೆಯ ಮಟ್ಟಕ್ಕೆ ಹಿಡಿದಾಗ ಅವಳು ತಲೆ ಹಿಂದಕ್ಕೆ ಎತ್ತಿದಳು. ತಲೆ ಎತ್ತಬಾರದು ಅಂದಾಗ ಸುಮ್ಮನಾದಳು. ಕತ್ತಿನ ಕೆಳಗೆ ರಟ್ಟು ಅಡ್ಡ ಹಿಡಿದಾಗ ಎದೆಯ ಹತ್ತಿರದ್ದೂ ಓದಲಾಗಲಿಲ್ಲ. "ಮಾಮ, ಕ್ಲಾಸಿನಲ್ಲಿ ಹೀಗೆ ಹಿಡಿಯಲ್ಲ" ಅಂದಳು. ಮೇಷ್ಟರು ಸಂದಿಯಲ್ಲಿ ನೋಡು ಅಂತ ಬಾಯಿಬಿಟ್ಟು ಹೇಳಿರಲಿಲ್ಲವಂತೆ. ಕಂಡರೆ ಕಂಡಿತು ಅಂತ ಹೇಳು, ಅದೇ ಶಕ್ತಿ ಅಂದಿದ್ದರಂತೆ.

ಭಾವ ಮೇಷ್ಟರಿಗೆ ಫೋನ್ ಮಾಡಿದರು. ಅನುಮಾನ ಇದ್ದ ಕಡೆ ಶಕ್ತಿ ಬರುವುದಿಲ್ಲ ಅಂತ ಉತ್ತರ ಬಂತು. ಇದಕ್ಕೇ ಷರತ್ತು ಮೊದಲೇ ಮಾತಾಡಿಕೊಳ್ಳಬೇಕು ಅನ್ನುವುದು. ಏನು ಮಾಡುತ್ತೀರಿ, ಎಷ್ಟು ಸಲ, ಎಷ್ಟು ಸರಿ ಬಂದರೆ ಗೆದ್ದಂತೆ, ಎಲ್ಲವನ್ನೂ ಇಬ್ಬರೂ ಒಪ್ಪಿ ಬರೆದು ಸಹಿ ಹಾಕಬೇಕು. ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ಅತೀಂದ್ರಿಯ ಶಕ್ತಿ ತೋರಿಸಿದವರಿಗೆಂದು 1964ರಲ್ಲಿ ಸಾವಿರ ಡಾಲರಿನಿಂದ ಶುರು ಮಾಡಿ ಹತ್ತು ಲಕ್ಷಕ್ಕೆ ಏರಿಸಿದ ಬಹುಮಾನ ಹೀಗೇ ನಡೆಯಿತು. 2015ರಲ್ಲಿ ನಿಲ್ಲಿಸುವವರೆಗೂ ಯಾರೂ ಗೆಲ್ಲಲಿಲ್ಲ. ನಮ್ಮೂರಿನಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಉಂಗುರ, ವಿಭೂತಿ ಬೇಡ, ಕುಂಬಳಕಾಯಿ ಸೃಷ್ಟಿಸಲಿ ಅಂದರು ಎಚ್ಚೆನ್. ಜನ ಅದನ್ನು ತಮಾಷೆ ಅಂದುಕೊಂಡರು. ನನಗಂತೂ ಅದು ಚೊಕ್ಕವಾದ ಪ್ರಯೋಗದ ಷರತ್ತು. ಕುಂಬಳಕಾಯಿಯನ್ನು ತೋಳಿನೊಳಗೆ ಬಚ್ಚಿಡಲು ಆಗುವುದಿಲ್ಲವಲ್ಲ!

ಹಾರುವ ತಟ್ಟೆ ನಂಬುವವರಲ್ಲೂ ಗಟ್ಟಿ ಜನ ಇದ್ದಾರೆ. 2015ರ ಮೇ ತಿಂಗಳಲ್ಲಿ ಮೆಕ್ಸಿಕೋ ಸಿಟಿಯ ದೊಡ್ಡ ಸಭಾಂಗಣದಲ್ಲಿ ಟಿಕೆಟ್ ಇಟ್ಟು ಅನ್ಯಗ್ರಹ ಜೀವಿಯ ಶವ ಅಂತ ಹಳೆಯ ಸ್ಲೈಡ್ ತೋರಿಸಿದರು. ಕೆಲವೇ ದಿನಗಳಲ್ಲಿ ಅದೇ ವಲಯದ ಆಸಕ್ತರು ಚಿತ್ರದಲ್ಲಿದ್ದ ಮಸುಕಾದ ಫಲಕವನ್ನು ಸಾಫ್ಟ್‌ವೇರ್‌ನಿಂದ ತಿಳಿಗೊಳಿಸಿ ಓದಿಬಿಟ್ಟರು. ಎರಡು ವರ್ಷದ ಹುಡುಗನ ಮಮ್ಮಿ ಎಂದು ಅದರಲ್ಲೇ ಬರೆದಿತ್ತು.

ಪ್ರಶ್ನೆ ಮಾಡುವ ನಮ್ಮ ಕಡೆಯವರಲ್ಲೂ ಪ್ರಚಾರದ ಹುಚ್ಚು ಕಡಿಮೆ ಇಲ್ಲ. ಟಿವಿಯವರು ಕರೆಯುತ್ತಾರೆ, ಒಂದು ಕಡೆ ಜ್ಯೋತಿಷಿ, ಇನ್ನೊಂದು ಕಡೆ ವಿಚಾರವಾದಿ, ಅರ್ಧ ಗಂಟೆ ಕಿರುಚಾಟ. ಕೂತ ಇಬ್ಬರಿಗೂ ಹೆಸರು ಬರುತ್ತದೆ. ನಾನು ಹೋಗುವುದಿಲ್ಲ. ಕಾರ್ಡು, ರಟ್ಟು ಹಿಡಿಯಲು ಬಿಡುವುದಾದರೆ ಬರುತ್ತೇನೆ ಅಂದಾಗ ಅವರೇ ಮತ್ತೆ ಫೋನ್ ಮಾಡುವುದಿಲ್ಲ.

ಭಾವ ಫೀಸು ವಾಪಸ್ ಕೇಳಲಿಲ್ಲ. ಕೇಳಿದರೆ ಅಪಾರ್ಟ್‌ಮೆಂಟಿನವರಿಗೆಲ್ಲ ಗೊತ್ತಾಗುತ್ತದೆ ಅಂತ. ಕ್ಲಾಸಿಗೆ ಕಳಿಸುವುದು ಮಾತ್ರ ನಿಂತಿತು. ಹುಡುಗಿ ಈಗ ಅದೇ ಪಟ್ಟಿ ಕಟ್ಟಿಕೊಂಡು ಓರಗೆಯ ಮಕ್ಕಳ ಮುಂದೆ ಓದಿ ತೋರಿಸುತ್ತಾಳೆ. "ಇದು ಜಾದೂ" ಅಂತ ಮೊದಲೇ ಹೇಳುತ್ತಾಳೆ, ಹೇಗೆ ಅಂತ ಮಾತ್ರ ಹೇಳುವುದಿಲ್ಲ.